ವಿಭೂತಿ ಹಚ್ಚಿದ ಮೊಟ್ಟೆಗಳು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ನಿಯಮವನ್ನು ನಮ್ಮ ಹಳೆಯ ಕಂಪನಿಯವರು ಮೊನ್ನೆ ಚಾಚೂ ತಪ್ಪದೆ ಪಾಲಿಸಿದರು. ಬದುಕಿದ್ದವರ ಬಗ್ಗೆ ಅಂಥ ನಿಯಮವೇನೂ ಇಲ್ಲವಾದ್ದರಿಂದ ಆಗ ಪಾಲಿಸಿರಲಿಲ್ಲ, ಅಷ್ಟೇ. ವೈಟ್‌ಫೀಲ್ಡಿನ ಒಂದು ಕಲ್ಯಾಣ ಮಂಟಪದಲ್ಲಿ ಮೇಡಂ ಅವರ ಫೋಟೋಗೆ ಸುಗಂಧರಾಜದ ಹಾರ ಹಾಕಿ, ಒಬ್ಬೊಬ್ಬರಾಗಿ ಎದ್ದು, ಮೈಕನ್ನು ತಟ್ಟಿ ನೋಡಿ, “ಅವರು ಜೀವಮಾನದಲ್ಲಿ ಒಂದು ಸುಳ್ಳೂ ಹೇಳಿದವರಲ್ಲ” ಎಂದರು. ಮೂರನೆಯವರೂ ಅದನ್ನೇ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಮೇಡಂ ಸುಳ್ಳು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸಣ್ಣಪುಟ್ಟ ಸುಳ್ಳಲ್ಲ, ಎಂ.ಡಿ. ಸಾಹೇಬರ ಮುಖಕ್ಕೆ ಮುಖ ಕೊಟ್ಟು, ಕಣ್ಣು ಮಿಟುಕಿಸದೆ ಹೇಳಿದ ಸುಳ್ಳು.

ತೊಂಬತ್ತರ ದಶಕದ ನಡುಮಧ್ಯದ ಮಾತು. ವೈಟ್‌ಫೀಲ್ಡಿನಲ್ಲಿ ಆಗ ಗಾಜಿನ ಕಟ್ಟಡಗಳಿಗೆ ಪಾಯ ತೋಡುತ್ತಿದ್ದರು. ನಮ್ಮ ಕಂಪನಿಗೆ ಇದ್ದದ್ದು ಸಿಮೆಂಟು ಶೀಟಿನ ಮಾಡು. ಕೆಮ್ಮಿನ ಸಿರಪ್ಪು, ರಕ್ತ ಹೆಚ್ಚಿಸುವ ಟಾನಿಕ್ಕು ತಯಾರಿಸುತ್ತಿದ್ದ ಆ ಕಂಪನಿಯ ಹಿಂಭಾಗದಲ್ಲಿ ಎರಡು ಕೋಣೆಗಳಿಗೆ ‘ಸಂಶೋಧನಾ ವಿಭಾಗ’ ಎಂದು ಬೋರ್ಡು ಹಾಕಿದ್ದರು. ಅಂಥ ಬೋರ್ಡು ಇದ್ದರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಂದು ಯಾರೋ ಆಡಿಟರು ಕಿವಿಯೂದಿದ್ದರಂತೆ. ಬೋರ್ಡು ಹಾಕಿದ ಮೇಲೆ ಒಳಗೆ ಯಾರಾದರೂ ಇರಬೇಕಲ್ಲ ಎಂದು ಮೇಡಂ ಅವರನ್ನೂ, ಮೇಡಂಗೊಬ್ಬ ಸಹಾಯಕ ಬೇಕಲ್ಲ ಎಂದು ನನ್ನನ್ನೂ ಇಟ್ಟುಕೊಂಡರು. ಆನೇಕಲ್ಲಿನಿಂದ ದಿನಾ ಸ್ಕೂಟರಿನಲ್ಲಿ ಧೂಳು ಕುಡಿಯುತ್ತಾ ಬರುತ್ತಿದ್ದ ನನಗೆ ವಿಜ್ಞಾನಕ್ಕಿಂತ ಸಂಬಳದ ಮೇಲೇ ಹೆಚ್ಚು ಭಕ್ತಿ.

ಮೇಡಂ ಹಾವೇರಿ ಕಡೆಯವರು. ಧಾರವಾಡದಲ್ಲಿ ಓದಿ, ಹೊರದೇಶದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಗಂಡನ ನೌಕರಿಗಾಗಿ ಬೆಂಗಳೂರಿಗೆ ಬಂದು ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದರು. ಹಣೆಯ ಮೇಲೆ ವಿಭೂತಿ, ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. ಯೋಚನೆಗೆ ಬಿದ್ದರೆ ಕೋಟಿನ ಮೇಲ್ಗುಂಡಿಯನ್ನು ತಿರುಗಿಸುತ್ತಾ ನಿಲ್ಲುವುದು ಅವರ ಅಭ್ಯಾಸ. ಆ ಗುಂಡಿ ಆಗಾಗ ಕಿತ್ತು ಕೈಗೆ ಬರುತ್ತಿತ್ತು. ಅದನ್ನು ಮೈಕ್ರೋಸ್ಕೋಪಿನ ಪಕ್ಕ ಇಟ್ಟು ಮರೆಯುತ್ತಿದ್ದರು.

ಇಂಥ ಹೆಂಗಸು ವಾರಕ್ಕೊಮ್ಮೆ ಹೊಸಕೋಟೆ ಕಡೆಯ ಕೋಳಿ ಫಾರಂಗೆ ಹೋಗಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಮೊಟ್ಟೆಯ ಟ್ರೇ ಇಟ್ಟುಕೊಂಡು ಬರುತ್ತಿದ್ದರು. ದಾರಿಯಲ್ಲಿ ಊಟಕ್ಕೆಂದು ಮನೆ ಮುಂದೆ ನಿಲ್ಲಿಸಿದಾಗ ನೆರೆಹೊರೆಯ ಕಣ್ಣೆಲ್ಲ ಆ ಟ್ರೇ ಮೇಲೆ. ಒಮ್ಮೆ ಕೆಳಗಿನ ಮನೆಯಾಕೆ ತಡೆಯಲಾರದೆ, “ಲಿಂಗಾಯತರು ಅಂದ್ರು, ನೀವು ನೋಡಿದ್ರೆ ಟ್ರೇಗಟ್ಲೆ ತರ್ತೀರಲ್ರೀ?” ಎಂದು ಕೇಳಿಯೇ ಬಿಟ್ಟರು.

“ತಿನ್ನಾಕ ಅಲ್ರೀ ಅಕ್ಕಾರ,” ಎಂದರು ಮೇಡಂ, “ಮಾತಾಡ್ಸಾಕ.”

ಆಮೇಲೆ ಆ ಮನೆಯಾಕೆ ಮೇಡಂ ಜೊತೆ ಮಾತಾಡುವುದನ್ನು ಕಡಿಮೆ ಮಾಡಿದರಂತೆ. ಮನೆಯೊಳಗೆ ಅತ್ತೆಯ ಕಟ್ಟಳೆ ಬೇರೆ. ಮೊಟ್ಟೆ ಮುಟ್ಟಿದ ದಿನ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಬರುವಂತಿಲ್ಲ. ಜಗತ್ತಿನ ರಕ್ತದ ಮೂಲವನ್ನು ಹುಡುಕುತ್ತಿದ್ದವರು ಸಂಜೆಯಾದರೆ ಒದ್ದೆ ಕೂದಲಿನಲ್ಲಿ ರೊಟ್ಟಿ ಬಡಿಯುತ್ತಿದ್ದರು. ಆ ಅತ್ತೆಯನ್ನು ಅವರು ಎಂದೂ ಬೈದವರಲ್ಲ. ಅವರನ್ನು ವಿಜ್ಞಾನಕ್ಕೆ ಬಳಸಿಕೊಂಡರು.

ಕೋಳಿಮೊಟ್ಟೆಗೆ ಕಾವು ಕೊಟ್ಟರೆ ಎರಡನೆಯ ದಿನದ ಹೊತ್ತಿಗೆ ಹಳದಿಯ ಮೇಲಿನ ಪೊರೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳುತ್ತವೆ. ಮರಿಗೆ ಇನ್ನೂ ಕೊಕ್ಕಿಲ್ಲ, ರೆಕ್ಕೆಯಿಲ್ಲ, ಆಗಲೇ ರಕ್ತ. ಯಾವ ಕೆಲಸವನ್ನೂ ಇನ್ನೂ ಹಿಡಿಯದ ಆಕರಕೋಶಗಳಿಂದ ಈ ಕೆಂಪು ಹೇಗೆ ಬಂತು ಎನ್ನುವುದೇ ಮೇಡಂ ಪ್ರಶ್ನೆ. ಒಂದು ದಿನ ಎಂ.ಡಿ. ಸಾಹೇಬರು ಸೊಂಟದ ಪೇಜರನ್ನು ಸವರಿಕೊಳ್ಳುತ್ತಾ ಒಳಗೆ ಬಂದು, “ಮೇಡಂ, ನೀವು ಎಕ್ಸಾಕ್ಟ್ ಆಗಿ ಏನ್ ಮಾಡ್ತೀರಿ ಇಲ್ಲಿ?” ಎಂದರು. ಕೇಳಿದ ದನಿ ಕಳ್ಳನನ್ನು ಹಿಡಿದ ಪೊಲೀಸಿನವನದು.

ಮೇಡಂ ಉತ್ಸಾಹದಿಂದ ಗುಂಡಿ ತಿರುಗಿಸತೊಡಗಿದರು. “ನೋಡ್ರಿ ಸರ್, ಎಲ್ಲಾ ಕೋಶದಾಗೂ ಅಡಗಿಮನಿ ಒಂದೇ, ಡಬ್ಬಿನೂ ಅವೇ. ಯಾವ ಅತ್ತಿ ಬಂದು ಯಾವ ಡಬ್ಬಿ ಮುಚ್ಚಳ ತಗೀತಾಳ ಅನ್ನೂದರ ಮ್ಯಾಲ ಅಲ್ಲಿ ರೊಟ್ಟಿ ಆಗತೈತೋ ಹುಗ್ಗಿ ಆಗತೈತೋ ನಿರ್ಧಾರ ಆಗೂದು. ಡಬ್ಬಿ ಅಂದ್ರ ಜೀನು. ಅತ್ತಿ ಅಂದ್ರ ಆ ಜೀನಿನ ಮ್ಯಾಲ ಕುಂತು, ಇದನ್ನ ಓದು, ಅದನ್ನ ಓದಬ್ಯಾಡ ಅನ್ನೂ ಪ್ರೋಟೀನು.”

ಪುಸ್ತಕದಲ್ಲಿ ಅದಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ನಮ್ಮ ಎರಡು ಕೋಣೆಗಳಲ್ಲಿ ಅದು ಅತ್ತೆಯೇ.

“ಕೆಂಪು ರಕ್ತಕ್ಕ ಒಬ್ಬಾಕಿ ಅತ್ತಿ, ಬಿಳೀ ರಕ್ತಕಣಕ್ಕ ಇನ್ನೊಬ್ಬಾಕಿ. ಮೊದಲಿಗೆ ಇಬ್ರೂ ಒಂದೇ ಮನ್ಯಾಗ ಇರ್ತಾರ. ಒಬ್ಬಾಕಿ ಇನ್ನೊಬ್ಬಾಕಿ ಬಾಯಿ ಮುಚ್ಚಿಸಿದ ಮ್ಯಾಲನೇ ಆ ಕೋಶಕ್ಕ ಒಂದು ದಾರಿ ಸಿಗತೈತಿ ಅಂತ ನನಗ ಅನಸ್ತೈತಿ. ಆದ್ರ ಗೊತ್ತಿಲ್ಲ.”

“ಓ, ಫ್ಯಾಮಿಲಿ ಪ್ರಾಬ್ಲಂ!” ಎಂದು ಸಾಹೇಬರು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. “ಅದೆಲ್ಲ ಇರ್ಲಿ. ಇದ್ರಿಂದ ನಮ್ ಟಾನಿಕ್‌ಗೆ ಏನಾದ್ರೂ ಸಿಗತ್ತಾ?”

“ಗೊತ್ತಿಲ್ರಿ.”

ಇದೇ ಅವರ ದೊಡ್ಡ ರೋಗ. ‘ಗೊತ್ತಿಲ್ಲ’ ಎನ್ನುವುದನ್ನು ಬೇರೆಯವರು ‘ನಮಸ್ಕಾರ’ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು. “ಹಾಗೆಲ್ಲ ಹೇಳಬೇಡಿ ಮೇಡಂ, ‘ಸಾಧ್ಯತೆ ಇದೆ’ ಅನ್ನಿ” ಎಂದು ನಾನು ಬೇಡಿಕೊಂಡರೆ, “ಗೊತ್ತಿಲ್ಲ ಅಂದ್ರ ಬಾಯಿ ಏನ್ ಸವಿತೈತೇನ್ರೀ?” ಎನ್ನುತ್ತಿದ್ದರು. ಅವರ ಬಾಯಿ ಸವೆಯಲಿಲ್ಲ. ಪ್ರತಿ ವರ್ಷ ಸವೆದದ್ದು ನಮ್ಮಿಬ್ಬರ ಇನ್‌ಕ್ರಿಮೆಂಟು.

ಆ ವರ್ಷ ವಿಭಾಗದ ಕುತ್ತಿಗೆಗೇ ಬಂತು. ದಸರಾ ಮುಗಿದ ಮಾರನೆಯ ದಿನ ಮುಂಬೈನಿಂದ ಡೈರೆಕ್ಟರುಗಳು ಬರುತ್ತಾರೆ, ತೋರಿಸುವಂಥದ್ದು ಏನಾದರೂ ಇದ್ದರೆ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಬೀಗ ಎಂದು ಸಾಹೇಬರು ತಿಳಿಸಿದರು. ಮೇಡಂ ಬಳಿ ತೋರಿಸಲು ಒಂದು ಪ್ರಯೋಗವಿತ್ತು. ಕೆಂಪು ಅತ್ತೆ ತಯಾರಾಗದಂತೆ ತಡೆಯುವ ಒಂದು ರಾಸಾಯನಿಕ ತುಣುಕನ್ನು ಅವರು ಹೊರದೇಶದಿಂದ ತರಿಸಿದ್ದರು. ಅದನ್ನು ಮೊಟ್ಟೆಯೊಳಗೆ ಹಾಕಬೇಕು. ಅತ್ತೆ ಬರದಿದ್ದರೆ ಕೆಂಪು ಏಳಬಾರದು, ಪೊರೆ ಬಿಳಿಚಿಕೊಂಡೇ ಉಳಿಯಬೇಕು. ಆ ತುಣುಕು ವಿಮಾನ ನಿಲ್ದಾಣದ ಸುಂಕದವರ ಕೋಣೆಯಲ್ಲಿ ಕೆಡದಂತೆ ಸುತ್ತ ತುಂಬಿದ್ದ ಮಂಜುಗಡ್ಡೆಯೆಲ್ಲ ಕರಗುವವರೆಗೂ ಬಿದ್ದಿದ್ದು, ಕೊನೆಗೆ ಒಂದು ಸಲದ ಪ್ರಯೋಗಕ್ಕೆ ಸಾಲುವಷ್ಟು ಮಾತ್ರ ನೆಟ್ಟಗೆ ಉಳಿದಿತ್ತು. ಅಂದರೆ ಎರಡನೆಯ ಅವಕಾಶವಿಲ್ಲ.

ಹಬ್ಬದ ಹಿಂದಿನ ದಿನ ಮೇಡಂ ಒಂದೊಂದು ಮೊಟ್ಟೆಯ ಸಿಪ್ಪೆಯಲ್ಲೂ ಸಣ್ಣ ಕಿಟಕಿ ಕೊರೆದು, ಅರ್ಧಕ್ಕೆ ಆ ತುಣುಕು, ಉಳಿದರ್ಧಕ್ಕೆ ಹೋಲಿಸಿ ನೋಡಲೆಂದು ಏನೂ ಮಾಡದ ಸುಳ್ಳು ತುಣುಕು ಹಾಕಿ, ಟೇಪು ಅಂಟಿಸಿದರು. ನಿಜವಾದದ್ದಕ್ಕೆ ಒಂದು ಗೀಟು, ಸುಳ್ಳಿನದಕ್ಕೆ ಒಂದು ಸೊನ್ನೆ, ಎರಡೂ ಪೆನ್ಸಿಲ್ಲಿನಲ್ಲಿ. ಶಾಯಿಯಾದರೆ ಸಿಪ್ಪೆಯ ಸಣ್ಣ ತೂತುಗಳಲ್ಲಿ ಇಳಿದು ಮರಿಗೆ ತಾಗುತ್ತದೆ ಎಂಬ ಹೆದರಿಕೆ. ಶಾಖ ಎಲ್ಲಕ್ಕೂ ಸಮನಾಗಿ ಸಿಗಲೆಂದು ಗೀಟಿನವನ್ನೂ ಸೊನ್ನೆಯವನ್ನೂ ಬೇಕೆಂದೇ ಬೆರೆಸಿ ಕಾವುಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಎಲೆಕ್ಟ್ರಿಷಿಯನ್ ಮುನಿಶಾಮಪ್ಪನವರನ್ನು ಕರೆದು ಕೈಮುಗಿದರು. “ಹಬ್ಬದಾಗ ಕರೆಂಟ್ ಹೋದ್ರ ಜನರೇಟರ್ ಹಾಕ್ರಿ. ಈ ಪೆಟ್ಟಿಗಿ ಮಾತ್ರ ಆರಬಾರದು.”

ಮುನಿಶಾಮಪ್ಪ ಅಲ್ಲಿಯವರೇ. ನಮ್ಮ ಕಂಪನಿ ಕೂತ ಜಾಗದಲ್ಲಿ ಅವರ ಮನೆತನ ರಾಗಿ ಬೆಳೆಯುತ್ತಿತ್ತು. ಈಗ ಅದೇ ನೆಲದ ಮೇಲೆ ಅವರು ಕಾಂಟ್ರಾಕ್ಟ್ ಆಳು, ಒಂದು ಮಾತಿಗೆ ಗೇಟಿನಾಚೆ ಕಳಿಸಬಹುದಾದವರು. ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಹಾಕಿದ್ದರು. “ನಾನಿದೀನಲ್ಲ ಮೇಡಮ್ಮೋರೇ, ನೀವು ಒಸಿ ನೆಮ್ದಿಯಾಗಿ ಅಬ್ಬ ಮಾಡಿ” ಎಂದರು. ಮೇಡಂ ಅತ್ತೆಯ ಜೊತೆ ಹಬ್ಬಕ್ಕೆ ಹೋದರು. ನಾನು ಆನೇಕಲ್ಲಿನಲ್ಲಿ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಹೋದೆ.

ಆಯುಧಪೂಜೆ ಎಂದರೆ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಏನೆಂದು ಬಲ್ಲವರೇ ಬಲ್ಲರು. ಪೀಣ್ಯದ ಲೇತಿನಿಂದ ಹಿಡಿದು ಮಾಕಳಿಯ ಲಾರಿಯವರೆಗೆ ಯಾವುದಕ್ಕೂ ಬಿಡುಗಡೆಯಿಲ್ಲ. ಮೊದಲು ತೊಳೆದು ಒರೆಸಬೇಕು, ಆಮೇಲೆ ಬೊಟ್ಟಿಡಬೇಕು. ನಮ್ಮಲ್ಲಿ ಸಿರಪ್ಪಿನ ಬಾಯ್ಲರಿಗೆ, ಮುಚ್ಚಳ ಬಿಗಿಯುವ ಯಂತ್ರಕ್ಕೆ, ಸಾಹೇಬರ ಫ್ಯಾಕ್ಸಿಗೆ, ಕ್ಯಾಂಟೀನಿನ ರುಬ್ಬುವ ಕಲ್ಲಿಗೆ, ಎಲ್ಲಕ್ಕೂ ಪೂಜೆಯಾಯಿತು. ಹಿಂದಿನ ಎರಡು ಕೋಣೆಗಳನ್ನು ಮಾತ್ರ ಬಿಟ್ಟರೆ ಮೇಡಂ ಮನಸ್ಸಿಗೆ ನೋವಾಗುವುದಿಲ್ಲವೇ? ಮುನಿಶಾಮಪ್ಪನವರಿಗೆ ಹಾಗನ್ನಿಸಿತು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಮೇಡಂ ಸೆರಗಿನ ತುಂಬ ಬನ್ನಿ ಎಲೆ ಕಟ್ಟಿಕೊಂಡು ಬಂದರು. ಕಾವಲುಗಾರನಿಂದ ಹಿಡಿದು ಎಲ್ಲರ ಕೈಗೂ ಬನ್ನಿ ಕೊಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ” ಎಂದು ಹೇಳುತ್ತಾ ಒಳಗೆ ಬಂದು ಪೆಟ್ಟಿಗೆಯ ಬಾಗಿಲು ತೆಗೆದರು. ನಾನು ಹಿಂದೆಯೇ ನಿಂತಿದ್ದೆ. ಒಳಗೆ ಮೊಟ್ಟೆಗಳೆಲ್ಲ ಥಳಥಳ ಹೊಳೆಯುತ್ತಿದ್ದವು. ಒಂದೊಂದರ ಹಣೆಯ ಮೇಲೂ ಮೂರೆಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಇಷ್ಟೊಂದು ಶರಣರನ್ನು ಒಂದೇ ಪೆಟ್ಟಿಗೆಯಲ್ಲಿ ನಾನು ಎಂದೂ ಕಂಡಿರಲಿಲ್ಲ. ಗೀಟಿಲ್ಲ, ಸೊನ್ನೆಯಿಲ್ಲ.

ಮುನಿಶಾಮಪ್ಪ ಬಾಗಿಲಲ್ಲೇ ನಿಂತು ಹಿಗ್ಗುತ್ತಿದ್ದರು. “ಕರೆಂಟ್ ಒಂದ್ ಗಳಿಗೆ ತಗೀನಿಲ್ಲ ಮೇಡಮ್ಮೋರೇ. ಒಂದೊಂದನ್ನೂ ಬಾಣಂತಿ ಮುಟ್ದಂಗೆ ಮುಟ್ಟಿ, ಒದ್ದೆ ಬಟ್ಟೇಲಿ ಕೊಳೆಯೆಲ್ಲ ತಿಕ್ಕಿ, ಇಂಗೆ ಮಡಗಿದೀನಿ. ಬ್ಯಾರೇವ್ಕೆಲ್ಲ ಅರಿಶಿನ ಕುಂಕುಮ. ಇವು ನಿಮ್ಮವಲ್ವಾ, ಅದಕ್ಕೇ ಈಬೂತಿ. ಪೂಜೆ ಚೆನ್ನಾಗಾಗೈತಾ?”

ನಾನು ಬಾಯಿ ತೆರೆದೆ. ಮೇಡಂ ನನ್ನ ಕಡೆ ಒಂದು ನೋಟ ಬೀರಿದರು, ಬಾಯಿ ಮುಚ್ಚಿಕೊಂಡೆ. ಅವರ ಕೈ ಕೋಟಿನ ಗುಂಡಿಗೆ ಹೋಯಿತು. ಆಮೇಲೆ ತಿರುಗಿ, “ಭಾಳ ಚಂದ ಆಗೇತಿ, ಮುನಿಶಾಮಪ್ಪನವರ” ಎಂದು ಹೇಳಿ ಅವರ ಕೈಗೂ ಬನ್ನಿ ಕೊಟ್ಟರು. ಅವರು ಹೋದ ಮೇಲೆ ಮೇಡಂ ಕುರ್ಚಿಯಲ್ಲಿ ಕೂತರು. ಗುಂಡಿ ಕಿತ್ತು ಕೈಗೆ ಬಂದಿತ್ತು.

ಹನ್ನೊಂದು ಗಂಟೆಗೆ ಮುಂಬೈನವರು ಬಂದರು. ಸಾಹೇಬರು ಮುಂದೆ, ಅವರ ನಗು ಅದಕ್ಕೂ ಮುಂದೆ. ಮೇಡಂ ಒಂದೊಂದೇ ಮೊಟ್ಟೆಯ ಕಿಟಕಿ ತೆಗೆದು ದೀಪದ ಕೆಳಗೆ ಇಟ್ಟರು. ಕೆಲವುಗಳಲ್ಲಿ ಹಳದಿಯ ಮೇಲೆ ಕೆಂಪು ನಾಳಗಳು ಬಲೆ ನೇಯ್ದಂತೆ ಹಬ್ಬಿದ್ದವು, ನಡುವೆ ಪುಟ್ಟ ಹೃದಯ ಪಟಪಟ ಬಡಿಯುತ್ತಿತ್ತು. ಕೆಲವುಗಳಲ್ಲಿ ಹೃದಯ ಬಡಿಯುತ್ತಿದ್ದರೂ ಕೆಂಪೇ ಇಲ್ಲ, ನೀರಿನಂಥ ಬಿಳುಪು. ಟೈ ಕಟ್ಟಿದ ಗಂಡಸರು ಮಕ್ಕಳ ಹಾಗೆ ಬಗ್ಗಿ ನೋಡಿದರು. ಅವರಲ್ಲಿ ಹಿರಿಯರೊಬ್ಬರು, ಬಿಳಿ ಮೊಟ್ಟೆಗಳೇ ನೀವು ಆ ಪ್ರೋಟೀನನ್ನು ತಡೆದವು, ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ವಿಭಾಗ ಉಳಿಯುತ್ತಿತ್ತು. ಅದು ನಿಜವೇ ಆಗಿರುವ ಸಂಭವವೂ ಇತ್ತು. ಸಾಹೇಬರು ಮೇಡಂ ಪಕ್ಕಕ್ಕೆ ಸರಿದು, “ಎಸ್ ಅಂದ್ಬಿಡಿ ಮೇಡಂ, ಯಾರ್ ಕೇಳ್ತಾರೆ?” ಎಂದು ಪಿಸುಗುಟ್ಟಿದರು.

“ನಾನೇ ಕೇಳ್ತೇನಲ್ರೀ” ಎಂದರು ಮೇಡಂ. ಆಮೇಲೆ ಹಿರಿಯರ ಕಡೆ ತಿರುಗಿ, ತಮಗೆ ಗೊತ್ತಿಲ್ಲ ಎಂದರು. ಸಿಪ್ಪೆಯ ಮೇಲಿನ ಗುರುತು ಅಳಿಸಿಹೋಗಿದೆ, ಕಿಟಕಿ ಕೊರೆದ ಮೊಟ್ಟೆ ಸುಮ್ಮಸುಮ್ಮನೆಯೂ ಹೀಗೆ ಬಿಳಿಚಿಕೊಳ್ಳುವುದುಂಟು, ಆದ್ದರಿಂದ ಇದರಿಂದ ಏನನ್ನೂ ಹೇಳಲಾಗದು ಎಂದು ನಿಧಾನವಾಗಿ ವಿವರಿಸಿದರು. ಹಿರಿಯರು ಗೌರವದಿಂದ ತಲೆಯಾಡಿಸಿದರು. ಅಷ್ಟೇ ಗೌರವದಿಂದ ಊಟಕ್ಕೆ ಮೊದಲೇ ವಿಭಾಗ ಮುಚ್ಚುವ ತೀರ್ಮಾನ ಮಾಡಿದರು.

ಅವರ ಕಾರು ಗೇಟು ದಾಟಿದ್ದೇ ತಡ, ಸಾಹೇಬರು ಒಳಗೆ ನುಗ್ಗಿದರು. “ಯಾರ್ರೀ ಒರೆಸಿದ್ದು? ಈ ವಿಭೂತಿ ಯಾವ ಈಡಿಯಟ್ ಬಳಿದಿದ್ದು? ಹೆಸರು ಹೇಳಿ, ಈಗ್ಲೇ ಗೇಟಿನಿಂದ ಆಚೆ ಹಾಕ್ತೀನಿ!”

ಮೇಡಂ ಎದ್ದು ನಿಂತರು. ಗುಂಡಿಯಿಲ್ಲದ ಕೋಟು, ಹಣೆಯ ಮೇಲೆ ವಿಭೂತಿ. “ನಾನೇ ಒರಸೀನ್ರಿ ಸರ್. ವಿಭೂತಿನೂ ನಾನೇ ಹಚ್ಚೀನಿ. ಹಬ್ಬ ಅಲ್ರೀ.”

ಸಾಹೇಬರು ಅವರ ಹಣೆ ನೋಡಿದರು, ಮೊಟ್ಟೆಯ ಹಣೆ ನೋಡಿದರು, ನಂಬಿದರು. ಕಣ್ಣೆದುರಿನ ಬಿಳಿ ಮೊಟ್ಟೆಯ ಬಗ್ಗೆ ಒಂದು ‘ಹೌದು’ ಎನ್ನಲಾರದ ಹೆಂಗಸು ಇಷ್ಟು ದೊಡ್ಡ ಸುಳ್ಳನ್ನು ಎಷ್ಟು ಸರಾಗವಾಗಿ ಹೇಳಿಬಿಟ್ಟರೆಂದು ನನಗೆ ಬೆರಗು. ಜೊತೆಗೆ ಸಿಟ್ಟು. ಎಲ್ಲಿ ಸುಳ್ಳು ಹೇಳಿದರೆ ಲಾಭವೋ ಅಲ್ಲಿ ನಿಜ, ಎಲ್ಲಿ ನಿಜ ಹೇಳಿದರೆ ತಾನು ಪಾರೋ ಅಲ್ಲಿ ಸುಳ್ಳು. ಇಂಥವರ ಕೈಕೆಳಗೆ ಕೆಲಸ ಮಾಡುವವನ ಗತಿಯೇನು?

ಗತಿಯಾದದ್ದು ಇಷ್ಟು. ನನ್ನನ್ನು ಸಿರಪ್ಪಿಗೆ ಹಾಕಿದರು, ಮೇಡಂ ಅವರನ್ನು ಟಾನಿಕ್ಕಿನ ಗುಣಮಟ್ಟ ನೋಡಲು ಹಾಕಿದರು. ರಕ್ತ ಹುಟ್ಟುವುದನ್ನು ಕಂಡವರು ನಿವೃತ್ತಿಯವರೆಗೆ ರಕ್ತ ಹೆಚ್ಚಿಸುವ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಇದರಾಗ ಏನೈತ್ರೀ ಮೇಡಂ?” ಎಂದು ನಾನು ಅವರ ಧಾಟಿಯಲ್ಲೇ ಕೆಣಕಿದರೆ, “ಕಬ್ಬಿಣ ಐತಿ, ಸಕ್ಕರಿ ಐತಿ. ಅತ್ತಿ ಇಲ್ಲ” ಎನ್ನುತ್ತಿದ್ದರು. ಸಾಹೇಬರಿಗಂತೂ ಜೀವನಪೂರ್ತಿ ಸಾಲುವ ಒಂದು ಕಥೆ ಸಿಕ್ಕಿತು. ಕಾಂಟ್ರಾಕ್ಟ್ ಆಳುಗಳಿಗೆ ಕರೆಯಿಲ್ಲದ ಪ್ರತಿ ಪಾರ್ಟಿಯಲ್ಲೂ, ಮೊಟ್ಟೆಗೆ ವಿಭೂತಿ ಹಚ್ಚಿದ ಪಿಎಚ್.ಡಿ.ಯ ಕಥೆ ಹೇಳಿ ನಗಿಸುತ್ತಿದ್ದರು. ಮೇಡಂ ಅಲ್ಲೇ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಅವರ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದೇನೆ.

ಸ್ವಲ್ಪ ಕಾಲದ ಮೇಲೆ ಹೊರದೇಶದವರು ಇಲಿಗಳಲ್ಲಿ ಅದೇ ಅತ್ತೆಯನ್ನು ತೆಗೆದು ನೋಡಿ, ಭ್ರೂಣ ಬಿಳಿಚಿಕೊಳ್ಳುತ್ತದೆ, ಕೆಂಪು ಕಣ ಬಲಿಯುವುದಿಲ್ಲ ಎಂದು ತೋರಿಸಿದರು. ಆ ಲೇಖನದ ಜೆರಾಕ್ಸು ತೆಗೆದುಕೊಂಡು ಹೋಗಿ ಮೇಡಂ ಕೈಗಿತ್ತೆ. ಟಾನಿಕ್ ಬಾಟಲಿಗಳ ನಡುವೆ ನಿಂತೇ ಓದಿದರು. “ನೋಡ್ರಿ, ನಾ ಅಂದಿದ್ದು ಖರೇ ಇತ್ತು!” ಎಂದು ಹುಡುಗಿಯ ಹಾಗೆ ನಕ್ಕರು. ನನಗೆ ಹೊಟ್ಟೆ ಉರಿಯಿತು.

“ಆವತ್ತೇ ಹೌದು ಅಂದಿದ್ದರೆ ಏನಾಗ್ತಿತ್ತು ಮೇಡಂ?”

“ಆವತ್ತ ನನಗ ಗೊತ್ತಿರಲಿಲ್ಲಲ್ರೀ” ಎಂದು ಹೇಳಿ ಮುಂದಿನ ಬಾಟಲಿ ಎತ್ತಿಕೊಂಡರು.

ಮೊನ್ನೆಯ ಸಭೆಯಲ್ಲಿ ಕೊನೆಗೆ ಎದ್ದವರು ಅದೇ ಸಾಹೇಬರು. ವಯಸ್ಸು ಅವರನ್ನು ಬಾಗಿಸಿದೆ, ಕಥೆಯನ್ನು ಬಾಗಿಸಿಲ್ಲ. ಮೊಟ್ಟೆ, ವಿಭೂತಿ, ಒರೆಸಿಹೋದ ಗುರುತು, ಎಲ್ಲವನ್ನೂ ಹೇಳಿ, “ನೋಡಿ, ತಾನೇ ಒರೆಸಿದೆ ಅಂತ ನೇರವಾಗಿ ಒಪ್ಕೊಂಡ್ರು. ದಟ್ ಈಸ್ ಆನೆಸ್ಟಿ!” ಎಂದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಬಿಳಿ ಪಂಚೆಯ ಮುದುಕರೊಬ್ಬರು ಮಾತ್ರ ಚಪ್ಪಾಳೆ ತಟ್ಟದೆ ಕೂತಿದ್ದರು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವರು ನನ್ನ ತೋಳು ಹಿಡಿದರು. ಮುನಿಶಾಮಪ್ಪ. ಆ ಕಂಪನಿಯಲ್ಲೇ ಕೊನೆಯವರೆಗೆ ದುಡಿದು, ಮಕ್ಕಳಿಬ್ಬರನ್ನೂ ಓದಿಸಿ ಮನೆ ಸೇರಿದವರು.

“ಸಾ, ಆ ಮೊಟ್ಟೆಗೆ ಈಬೂತಿ ಅಚ್ಚಿದ್ದು ನಾನಲ್ವಾ? ಮೇಡಮ್ಮೋರು ಯಾಕೆ ತಾವೇ ಅಂದ್ರು?” ತೋಳು ಬಿಡದೆ ಇನ್ನೂ ಹತ್ತಿರ ಬಂದರು. “ನಾನೂ ಒರಸಿದ್ನಲ್ಲಾ ಸಾ. ಕೊಳೆ ಅಂದ್ಕೊಂಡು ಒರಸ್ದೆ. ಅವಾಗೇನಾರ ಆ ಗುರ್ತು ಒಂಟೋಯ್ತಾ? ನನ್ನಿಂದ್ಲೇನಾ ಅವ್ರ ಕೆಲಸ ಮುಚ್ಚಿದ್ದು?”

ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಒಳಗೆ ಮೇಡಂ ಫೋಟೋದಲ್ಲಿ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಅಂದು ನನ್ನ ಬಾಯಿ ಮುಚ್ಚಿಸಿದ ಹಾಗೆಯೇ ನೋಡುತ್ತಿದ್ದರು.

“ಇಲ್ಲ ಮುನಿಶಾಮಪ್ಪನವರೇ. ಗುರುತನ್ನ ಅವರೇ ಹಬ್ಬದ ಹಿಂದಿನ ದಿನ ಕೈತಪ್ಪಿ ಒರೆಸಿಬಿಟ್ಟಿದ್ರು. ನೀವು ಒರೆಸಿದ್ದು ಕೊಳೆ. ನೀವು ಹಚ್ಚಿದ ಮೇಲೆ ಅವರೂ ಒಂದು ಸಲ ವಿಭೂತಿ ಹಚ್ಚಿದ್ರು. ನಾನು ಪಕ್ಕದಲ್ಲೇ ಇದ್ನಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತೋಳು ಬಿಟ್ಟು, ನಿಟ್ಟುಸಿರಿಟ್ಟು, ಪಂಚೆಯ ತುದಿಯಿಂದ ಕಣ್ಣೊತ್ತಿಕೊಂಡರು.

“ಅಂಗಾದ್ರೆ ಪೂಜೆ ಚೆನ್ನಾಗೇ ಆಗಿತ್ತು ಅನ್ನಿ ಸಾ.”

“ಭಾಳ ಚಂದ ಆಗಿತ್ತು” ಎಂದೆ.